ಸ್ಪಷ್ಟನೆ: ಹತ್ತು ದಿನ ಕಳೆದ ಮಾತ್ರಕ್ಕೆ ಆಟ ‘ಸ್ಟೇಬಲ್’ ಆಗುವುದಿಲ್ಲ

ಡೆಬಿಯನ್ ಎಂಬುದು ಲಿನಕ್ಸ್ ಆಧಾರಿತ ಕಂಪ್ಯೂಟರ್ ಕಾರ್ಯಾಚರಣ ವ್ಯವಸ್ಥೆ. ಅದಕ್ಕೆ ಸೇರುವ ತಂತ್ರಾಂಶದ ಕಟ್ಟು ಪ್ಯಾಕೇಜು, ಅದರ ಅಧಿಕೃತ ಬಿಡುಗಡೆಯ ಆವೃತ್ತಿ ‘ಸ್ಟೇಬಲ್’. ‘ಡೆಬಿಯನ್‌ನಲ್ಲಿ ಆಟದ ಪ್ಯಾಕೇಜು ಹತ್ತು ದಿನ ದೋಷವಿಲ್ಲದೆ ಉಳಿದರೆ ತಾನಾಗಿಯೇ ಸ್ಟೇಬಲ್ ಆಗುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಅದನ್ನು ಮೊದಲು ಬರೆದವನು ನಾನೇ. ಅದು ತಪ್ಪು.

ಹೊಸ ಪ್ಯಾಕೇಜು ಮೊದಲು ಅನ್‌ಸ್ಟೇಬಲ್ ಎಂಬ, ಅಭಿವೃದ್ಧಿ ನಡೆಯುವ ವಿಭಾಗಕ್ಕೆ ಬರುತ್ತದೆ. ತುರ್ತಿಗೆ ತಕ್ಕಂತೆ ಸಾಮಾನ್ಯವಾಗಿ 2, 5 ಅಥವಾ 10 ದಿನ ಕಾದ ಮೇಲೆ, ಬಿಡುಗಡೆಗೆ ಅಡ್ಡಿಯಾಗುವಂಥ ಹೊಸ ದೋಷ ಕಾಣದಿದ್ದರೆ, ಮುಂದಿನ ಬಿಡುಗಡೆ ಸಿದ್ಧವಾಗುವ ಟೆಸ್ಟಿಂಗ್ ವಿಭಾಗಕ್ಕೆ ದಾಟುತ್ತದೆ. ನಾನು ಎಡವಿದ್ದು ಇಲ್ಲಿಯೇ: ಟೆಸ್ಟಿಂಗನ್ನು ಸ್ಟೇಬಲ್ ಎಂದುಕೊಂಡೆ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗ್‌ಗೆ ಬದಲಾವಣೆಗಳನ್ನು ತಡೆದು, ದೋಷ ತಿದ್ದಿ, ಇಡಿಯಾಗಿ ಬಿಡುಗಡೆ ಮಾಡಿದಾಗಲೇ ಅದು ಸ್ಟೇಬಲ್. ಆಟಗಳಿಗೆ ಬೇರೆ ಒಳದಾರಿ ಇಲ್ಲ.

ವೆಸ್ನಾತ್ ಎಂಬ ಯುದ್ಧತಂತ್ರದ ಆಟವನ್ನೇ ನೋಡಿ. ಅದರ 1.18 ಸರಣಿಯನ್ನು ತಯಾರಕರು 2024ರ ಮಾರ್ಚ್‌ನಲ್ಲಿಯೇ ಸ್ಥಿರವೆಂದು ಹೊರತಂದರು. ಡೆಬಿಯನ್ 12ರ ಬಿಡುಗಡೆಯಲ್ಲಿ ಮಾತ್ರ 1.16 ಉಳಿಯಿತು, 1.18 ಸ್ಟೇಬಲ್‌ನೊಳಗೆ ಕಾಲಿಟ್ಟದ್ದು ಡೆಬಿಯನ್ 13 ಬಿಡುಗಡೆಯಾದ 2025ರ ಆಗಸ್ಟ್ 9ರಂದು. ತಯಾರಕರ ‘ಸ್ಥಿರ’ವೇ ಬೇರೆ, ಡೆಬಿಯನ್‌ನ ‘ಸ್ಟೇಬಲ್’ ಬೇರೆ. ಎರಡನೆಯದಕ್ಕೆ ‘ಸದ್ಯ ಬದಲಾಗದ್ದು’ ಎಂಬ ಅರ್ಥವೇ ಹೆಚ್ಚು ಒಪ್ಪುತ್ತದೆ. ಆಟ ನಡುವೆ ನಿಂತುಹೋಗುವುದಿಲ್ಲ ಎಂಬ ಭರವಸೆಯೇನೂ ಅದರಲ್ಲಿಲ್ಲ.

ಹಳೆಯ ಸಂದೇಶ ನಿಮ್ಮ ಬಳಿ ಬಂದಿದ್ದರೆ ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಜಾಗದಲ್ಲಿ ಈ ತಿದ್ದುಪಡಿಯನ್ನೂ ಹಾಕಿ.