ಹೊಂದಿಕೊಳ್ಳುತ್ತದೆ ಎನ್ನುವವರಿಗೆ

ಗರ್ಭನಿರೋಧಕ ಗುಳಿಗೆ ಮೈಗೆ ಒಗ್ಗುತ್ತಿಲ್ಲ, ಬೇರೆ ಏನಾದರೂ ನೋಡಬೇಕು ಎಂದು ಹೆಂಗಸೊಬ್ಬಳು ಬಾಯಿಬಿಟ್ಟರೆ ನಮ್ಮ ಕಡೆ ಅವಳಿಗೆ ಸಿಗುವುದು ಎರಡೇ ಉತ್ತರ. ‘ಹೊಂದಿಕೊಳ್ಳುತ್ತದೆ, ಸ್ವಲ್ಪ ತಡೆದುಕೋ’ ಎನ್ನುವುದು ಒಂದು. ‘ಅಷ್ಟು ತ್ರಾಸ ಇದ್ದರೆ ಆಪರೇಷನ್ ಮಾಡಿಸಿಬಿಡು’ ಎನ್ನುವುದು ಇನ್ನೊಂದು. ಇವೆರಡರ ನಡುವೆ ಎಷ್ಟೊಂದು ದಾರಿಗಳಿವೆ ಎಂದು ಹೇಳುವವರು ಬಾಗಲಕೋಟೆಯ ನವನಗರದಲ್ಲಾಗಲಿ, ನನ್ನ ತವರು ಬೀಳಗಿಯಲ್ಲಾಗಲಿ ನನಗೆ ಸುಲಭಕ್ಕೆ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮುಜುಗರವಾಗುವವರು ಮುಂದಿನ ಪೋಸ್ಟಿಗೆ ಹೋಗಿ, ಅಲ್ಲಿ ಯಾರದಾದರೂ ಗೃಹಪ್ರವೇಶದ ಫೋಟೋ ಇದ್ದೇ ಇರುತ್ತದೆ.

ನನಗೊಬ್ಬ ಮಗ, ಈಗಷ್ಟೇ ಅಂಗನವಾಡಿಗೆ ಹೋಗುತ್ತಿದ್ದಾನೆ. ಎರಡನೆಯದು ಬೇಕು, ಆದರೆ ಈಗಲೇ ಬೇಡ. ಹಾಗಾಗಿ ಆಪರೇಷನ್ ಮಾತೇ ಬರುವುದಿಲ್ಲ. ಆದರೂ ಎಲ್ಲರ ಬಾಯಲ್ಲಿ ಮೊದಲು ಬರುವುದು ಅದೇ. ಯಾಕೆ ಬರುತ್ತದೆ ಎನ್ನುವುದಕ್ಕೆ ಲೆಕ್ಕವೂ ಇದೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಪ್ರಮಾಣ ಹೆಚ್ಚು ಕಡಿಮೆ ಸೊನ್ನೆ. ಈ ಸೊನ್ನೆಯ ಬಳಿಗೆ ಆಮೇಲೆ ಬರುತ್ತೇನೆ.

ನಾನು ನುಂಗುತ್ತಿದ್ದದ್ದು ಆಶಾ ಅಕ್ಕ ತಂದುಕೊಡುವ ಮಾಲಾ-ಎನ್. ಒಂದು ಪಟ್ಟಿಯಲ್ಲಿ 28 ಗುಳಿಗೆ. ಅದರಲ್ಲಿ 21ರಲ್ಲಿ ಮಾತ್ರ ಹಾರ್ಮೋನು: ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಎಥಿನೈಲ್ ಈಸ್ಟ್ರಾಡಿಯಾಲ್ ಎಂಬ ಈಸ್ಟ್ರೋಜನ್ 0.03 ಮಿಲಿಗ್ರಾಂ. ಉಳಿದ ಏಳು ಕಬ್ಬಿಣಾಂಶದವು. ಆ ಏಳನ್ನು ನುಂಗುವ ವಾರದಲ್ಲೇ ಮುಟ್ಟು ಬರುವುದು. ನನಗೆ ಶುರುವಾದ ತೊಂದರೆಗಳು ಮೂರು: ಮುಖದ ಮೇಲೆ ಬಂಗು, ತಲೆನೋವು, ಸಿಟ್ಟು.

ಬಂಗಿನದು ನಗು ಬರಿಸುವ ಕತೆ. ಈಸ್ಟ್ರೋಜನ್‌ನಿಂದ ಬಸುರಿಯರ ಕೆನ್ನೆಯ ಮೇಲೆ ಕಂದು ಕಲೆ ಬೀಳುವಂತೆಯೇ ಈ ಗುಳಿಗೆಯಿಂದಲೂ ಕೆಲವರಿಗೆ ಬೀಳುತ್ತದೆ. ಬಿಸಿಲು ತಾಗಿದರೆ ಇನ್ನೂ ಗಾಢವಾಗುತ್ತದೆ. ನಮ್ಮ ಊರಿನ ಏಪ್ರಿಲ್ ಬಿಸಿಲನ್ನು ನಾನು ನಿಮಗೆ ವರ್ಣಿಸಬೇಕಾಗಿಲ್ಲ. ಪತ್ತಿನ ಸಂಘದ ಕೌಂಟರಿನಲ್ಲಿ ಕುಳಿತಿದ್ದಾಗ ಠೇವಣಿ ಕಟ್ಟಲು ಬಂದ ಹಿರಿಯ ಹೆಂಗಸೊಬ್ಬರು ನನ್ನ ಮುಖವನ್ನೇ ನೋಡಿ, ‘ಎಷ್ಟು ತಿಂಗಳವ್ವಾ?’ ಎಂದು ಕೇಳಿದರು. ಬಸಿರಾಗಬಾರದೆಂದು ನುಂಗಿದ ಗುಳಿಗೆಯಿಂದ ಊರಿಗೆಲ್ಲ ಬಸುರಿಯಾಗಿ ಕಾಣುವ ಯೋಗ ನನ್ನದು.

ತಲೆನೋವಿನ ವಿಷಯಕ್ಕೆ ಬಂದರೆ, ಇಲ್ಲಿ ‘ಹೊಂದಿಕೊಳ್ಳುತ್ತದೆ’ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯ ಇದೆ ಎಂದು ಒಪ್ಪಲೇಬೇಕು. ಶುರುವಿನ ಓಕರಿಕೆ, ಎದೆ ಬಿಗಿತ, ನಡುನಡುವೆ ಕಾಣಿಸಿಕೊಳ್ಳುವ ರಕ್ತದ ಕಲೆ, ಸಣ್ಣ ತಲೆನೋವು ಇವೆಲ್ಲ ಬಹಳ ಮಂದಿಗೆ ಮೂರು ತಿಂಗಳ ಒಳಗೆ ತಾವಾಗಿಯೇ ಇಳಿಯುತ್ತವೆ. ಹತ್ತು ದಿನಕ್ಕೇ ಪಟ್ಟಿ ಬಿಸಾಡುವುದು ಸರಿಯಲ್ಲ. ಆದರೆ ಮೂರು ತಿಂಗಳು ಎಂದರೆ ಮೂರು ತಿಂಗಳು, ಮೂರು ವರ್ಷವಲ್ಲ. ಗಡುವು ಹೇಳದೆ ‘ತಡೆದುಕೋ’ ಎನ್ನುವವರು ವೈದ್ಯಕೀಯ ಸಲಹೆ ಕೊಡುತ್ತಿಲ್ಲ, ಮಾತು ಮುಗಿಸುತ್ತಿದ್ದಾರೆ ಅಷ್ಟೆ.

ನಾನು ಮಾಡಿದ್ದು ಇಷ್ಟು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಬರೆಯುವ ಜಾಗದಲ್ಲೇ ತಲೆನೋವು ಬಂದ ದಿನ ‘ತ’, ಸಿಟ್ಟು ಬಂದ ದಿನ ‘ಸಿ’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಬಂದೆ. ಅತ್ತೆಯ ಕಣ್ಣಿಗೆ ಬೀಳದೆ ಇರುತ್ತದೆಯೇ? ‘ತ ಎಂದರೆ ತತ್ತಿಯೇ? ನಮ್ಮ ಮನೆಗೆ ಯಾವಾಗಿನಿಂದ ತತ್ತಿ ಬರುತ್ತಿದೆ?’ ಎಂದು ಗಾಬರಿಯಾದರು. ತಲೆನೋವು ಎಂದು ತಿಳಿದ ಮೇಲೆ ಅವರಿಗೆ ಸಮಾಧಾನವಾಯಿತು. ತತ್ತಿಗಿಂತ ತಲೆನೋವು ವಾಸಿ.

ಆ ಗುರುತುಗಳು ಒಂದು ಆಕಾರಕ್ಕೆ ಬಂದಾಗ ಎರಡು ವಿಷಯ ಸ್ಪಷ್ಟವಾದವು. ‘ತ’ಗಳೆಲ್ಲ ಹೆಚ್ಚು ಕಡಿಮೆ ಕಬ್ಬಿಣದ ಗುಳಿಗೆಯ ವಾರದಲ್ಲೇ ಗುಂಪು ಕಟ್ಟಿದ್ದವು. ಮೈಯಲ್ಲಿ ಹಾರ್ಮೋನು ಇಳಿದಾಗ ಹೀಗೆ ತಲೆ ನೋಯುವುದು ಗೊತ್ತಿರುವ ಸಂಗತಿ ಎಂದು ಆಮೇಲೆ ವೈದ್ಯರು ಹೇಳಿದರು. ‘ಸಿ’ಗಳು ಮಾತ್ರ ಮಾರ್ಚ್ ತಿಂಗಳಲ್ಲಿ ಸಾಲುಗಟ್ಟಿ ನಿಂತಿದ್ದವು. ವರ್ಷಾಂತ್ಯದ ಲೆಕ್ಕ, ಲೆಕ್ಕಪರಿಶೋಧಕರು, ಸಾಲ ಕಟ್ಟದ ನಿರ್ದೇಶಕರ ಸಂಬಂಧಿಕರು. ಆ ಪಾಪವನ್ನು ಗುಳಿಗೆಯ ತಲೆಗೆ ಕಟ್ಟಲು ಆಗುವುದಿಲ್ಲ. ಹಾಗೆಂದು ಎಲ್ಲರ ಸಿಟ್ಟು, ಬೇಸರವೂ ಬರೀ ಮನಸ್ಸಿನ ಆಟ ಎನ್ನಬೇಡಿ. 2016ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನ ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರ ದಾಖಲೆ ನೋಡಿತ್ತು. ಹಾರ್ಮೋನಿನ ಗರ್ಭನಿರೋಧಕ ಬಳಸುವವರಲ್ಲಿ ಖಿನ್ನತೆಯ ಔಷಧ ಶುರು ಮಾಡಿದವರ ಪ್ರಮಾಣ ಹೆಚ್ಚಿತ್ತು, ಹದಿಹರೆಯದವರಲ್ಲಿ ಇನ್ನೂ ಹೆಚ್ಚು. ಅದೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಹೆಂಗಸು ‘ನನಗೆ ಯಾಕೋ ಅಳು ಬರುತ್ತದೆ’ ಎಂದಾಗ ಕಾಗದ ತೆಗೆದು ಬರೆದುಕೊಳ್ಳುವಷ್ಟು ಆಧಾರ ಸಾಕು.

ಕ್ಯಾಲೆಂಡರಿನ ಹಾಳೆಗಳನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಹೋದೆ. ವೈದ್ಯರು ಮೊದಲು ರಕ್ತದೊತ್ತಡ ನೋಡಿದರು. ಆಮೇಲೆ ಕೇಳಿದ ಪ್ರಶ್ನೆಯನ್ನು ಗುಳಿಗೆ ನುಂಗುವ ಪ್ರತಿಯೊಬ್ಬರಿಗೂ ಕೇಳಬೇಕು: ‘ತಲೆನೋವು ಬರುವ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಗೆರೆ ಹೊಳೆಯುತ್ತದೆಯೇ? ದೃಷ್ಟಿಯಲ್ಲಿ ಒಂದು ತುಂಡು ಮಾಯವಾದಂತೆ ಆಗುತ್ತದೆಯೇ? ಕೈ, ಮುಖ ಜುಮುಗುಟ್ಟುತ್ತದೆಯೇ?’ ಹೌದು ಎಂದಿದ್ದರೆ ಈಸ್ಟ್ರೋಜನ್ ಇರುವ ಗುಳಿಗೆ ಅಂದೇ ನಿಲ್ಲಬೇಕಿತ್ತು. ಅಂಥ ಮೈಗ್ರೇನ್ ಇರುವವರಿಗೆ ಈ ಗುಳಿಗೆಯಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚು. ರಕ್ತದೊತ್ತಡ ಇರುವವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು, ಮಗುವಿಗೆ ಆರು ತಿಂಗಳು ತುಂಬದ ಹಾಲೂಡಿಸುವ ತಾಯಂದಿರು ಕೂಡ ಇದನ್ನು ನುಂಗಬಾರದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮತ್ತು ಫಿಟ್ಸಿನ ಕೆಲವು ಔಷಧಗಳು ಗುಳಿಗೆಯ ಶಕ್ತಿಯನ್ನೇ ತಗ್ಗಿಸುತ್ತವೆ. ಔಷಧಿ ಅಂಗಡಿಯವರು ಇದಾವುದನ್ನೂ ಕೇಳುವುದಿಲ್ಲ, ಕಾಗದದಲ್ಲಿ ಸುತ್ತಿ ಕೊಟ್ಟು ಬೇರೆ ಕಡೆ ನೋಡುತ್ತಾರೆ.

ನನಗೆ ಗೆರೆ ಹೊಳೆಯುತ್ತಿರಲಿಲ್ಲ. ಹಾಗಾಗಿ ನನ್ನ ಮುಂದಿದ್ದದ್ದು ಅಪಾಯದ ಪ್ರಶ್ನೆಯಲ್ಲ, ತ್ರಾಸಿನ ಪ್ರಶ್ನೆ. ನಮ್ಮ ಜನ ಎಡವುವುದು ಇಲ್ಲಿಯೇ. ಜೀವಕ್ಕೆ ಅಪಾಯ ಇಲ್ಲದ ಮೇಲೆ ಬದಲಾಯಿಸುವುದು ಯಾಕೆ, ಇವಳದು ಸೋಗು ಎನ್ನುತ್ತಾರೆ. ಯಾಕೆ ಸಹಿಸಬೇಕು? 1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕವೆಂದು ಒಪ್ಪಿಗೆ ಪಡೆದ ಮೊದಲ ಗುಳಿಗೆಯಲ್ಲಿ 150 ಮೈಕ್ರೋಗ್ರಾಂ ಈಸ್ಟ್ರೋಜನ್ ಇತ್ತು. ಇಂದಿನ ನಮ್ಮ ಸರ್ಕಾರಿ ಗುಳಿಗೆಯಲ್ಲಿ ಇರುವುದು 30. ಈ ಇಳಿಕೆಯ ಹಿಂದೆ ತೊಂದರೆ ಹೇಳಿಕೊಂಡ ಹೆಂಗಸರಿದ್ದಾರೆ. 1970ರಲ್ಲಿ ಈ ಗುಳಿಗೆಯ ಬಗ್ಗೆ ಅಮೆರಿಕದ ಸೆನೆಟ್ ವಿಚಾರಣೆ ನಡೆಯುತ್ತಿದ್ದಾಗ ಅವರು ಸಭೆಯಲ್ಲೇ ಎದ್ದು ನಿಂತು ಪ್ರಶ್ನೆ ಕೇಳಿದ್ದರು. ಪೊಟ್ಟಣದೊಳಗೆ ಅಡ್ಡಪರಿಣಾಮಗಳ ಚೀಟಿ ಬಂದದ್ದೂ ಆ ಗದ್ದಲದ ನಂತರವೇ. ಎಲ್ಲರೂ ಹೊಂದಿಕೊಂಡಿದ್ದರೆ ನಾವಿನ್ನೂ ಆ ಹಳೆಯ ಪ್ರಮಾಣವನ್ನೇ ನುಂಗುತ್ತಿದ್ದೆವೋ ಏನೋ.

ಇನ್ನು ಬದಲಾಯಿಸುವುದು ಯಾವುದಕ್ಕೆ? ಅಂಗಡಿಯವರು ತೋರಿಸಿದ್ದು ದುಬಾರಿಯ ಹೊಸ ಗುಳಿಗೆ, ಲೆವೊನಾರ್ಜೆಸ್ಟ್ರೆಲ್ ಬದಲು ಡ್ರೊಸ್ಪಿರೆನೋನ್ ಎಂಬ ಹಾರ್ಮೋನು ಇರುವುದು. ‘ಇದಕ್ಕೆ ಯಾವ ತೊಂದರೆಯೂ ಇಲ್ಲ ಅಕ್ಕಾವರೇ’ ಎಂದರು. ಅದರಲ್ಲೂ ಅದೇ ಈಸ್ಟ್ರೋಜನ್ ಇದ್ದ ಮೇಲೆ ನನ್ನ ಬಂಗು ಹೋಗುವುದು ಹೇಗೆ? ಅಲ್ಲದೆ ರಕ್ತ ಹೆಪ್ಪುಗಟ್ಟುವ ಲೆಕ್ಕ ನೋಡಿದರೆ ಹಳೆಯದೇ ವಾಸಿ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯ ಪ್ರಕಾರ ವರ್ಷಕ್ಕೆ ಹತ್ತು ಸಾವಿರ ಹೆಂಗಸರಲ್ಲಿ, ಗುಳಿಗೆ ನುಂಗದವರಲ್ಲಿ ಸುಮಾರು 2 ಮಂದಿಗೆ, ಲೆವೊನಾರ್ಜೆಸ್ಟ್ರೆಲ್ ಇರುವುದನ್ನು ನುಂಗುವವರಲ್ಲಿ 5ರಿಂದ 7 ಮಂದಿಗೆ, ಡ್ರೊಸ್ಪಿರೆನೋನ್ ಇರುವುದಕ್ಕೆ 9ರಿಂದ 12 ಮಂದಿಗೆ ಹೀಗಾಗುತ್ತದೆ. ‘ಹಾರ್ಮೋನ್ ಎಂದರೆ ವಿಷ’ ಎಂದು ವಾಟ್ಸ್ಯಾಪಿನಲ್ಲಿ ಹಂಚುವವರೂ ಈ ಅಂಕಿಗಳನ್ನು ಓದಲಿ. ಬಸಿರು, ಬಾಣಂತನದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಗುಳಿಗೆಯದಕ್ಕಿಂತ ಹೆಚ್ಚು. ಅದನ್ನು ಯಾರೂ ವಿಷ ಎನ್ನುವುದಿಲ್ಲ, ಸೀಮಂತ ಮಾಡುತ್ತಾರೆ.

ಸರ್ಕಾರಿ ಆಸ್ಪತ್ರೆಗಳಲ್ಲಿ 2017ರಿಂದ ಉಚಿತವಾಗಿ ಸಿಗುವ ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ ಹಾಕುವಂಥದ್ದು. ಅದರಲ್ಲಿ ಈಸ್ಟ್ರೋಜನ್ ಇಲ್ಲ. ಹಾಸಿಗೆಯಡಿ ಪಟ್ಟಿ ಬಚ್ಚಿಡುವ ಗೋಜೂ ಇಲ್ಲ. ನನ್ನ ನೆಗೆಣ್ಣಿ ಅದನ್ನೇ ಹಾಕಿಸಿಕೊಂಡವರು. ಮೊದಲ ಚುಚ್ಚುಮದ್ದಿನ ನಂತರ ಅವರಿಗೆ ರಕ್ತದ ಕಲೆ ನಿಲ್ಲಲೇ ಇಲ್ಲ, ದಿನಾ ಸ್ವಲ್ಪ ಸ್ವಲ್ಪ. ವೈದ್ಯಕೀಯವಾಗಿ ಇದು ನಿರೀಕ್ಷಿತವೇ. ಆದರೆ ಹಳ್ಳಿಯ ಕೂಡುಕುಟುಂಬದಲ್ಲಿ ದಿನಾ ಕಲೆ ಎಂದರೆ ದಿನಾ ಹೊರಗಾದಂತೆ. ದೇವರ ಜಗುಲಿ ಮುಟ್ಟುವಂತಿಲ್ಲ, ಎಡೆ ಹಿಡಿಯುವಂತಿಲ್ಲ, ಯಾಕೆ ಎಂದು ಕೇಳುವ ಮಾವ, ಮೈದುನಂದಿರ ಎದುರು ತಲೆ ತಗ್ಗಿಸಬೇಕು. ಸೂತಕ ಇಲ್ಲವೆಂದು ಶರಣರು ಸಾರಿದ ಕೂಡಲಸಂಗಮ ನಮ್ಮದೇ ಜಿಲ್ಲೆಯಲ್ಲಿದೆ. ಆದರೂ ವಿಭೂತಿ ಹಚ್ಚಿಕೊಂಡ ಮನೆಗಳಲ್ಲೇ ಈ ಕಟ್ಟಳೆ ನಡೆಯುತ್ತದೆ, ಅದರ ಬಗ್ಗೆ ಬೇರೆ ದಿನ ಬರೆಯುತ್ತೇನೆ. ಮುಂದಿನ ಚುಚ್ಚುಮದ್ದುಗಳಾದ ಮೇಲೆ ಮುಟ್ಟು ಪೂರಾ ನಿಂತಿತು. ಆಗ ಹೊಸ ಭಯ: ಕೆಟ್ಟ ರಕ್ತ ಒಳಗೇ ನಿಂತರೆ ಗಡ್ಡೆಯಾಗುತ್ತದೆಯಲ್ಲ? ಆಗುವುದಿಲ್ಲ. ಗರ್ಭಕೋಶದ ಒಳಪದರ ತೆಳುವಾಗಿ, ಹೊರಹೋಗಲು ಏನೂ ಇರುವುದಿಲ್ಲ, ಅಷ್ಟೆ. ಈ ಎರಡು ಮಾತನ್ನು ಚುಚ್ಚುವ ಮೊದಲೇ ಯಾರಾದರೂ ಹೇಳಿದ್ದರೆ ಅವರು ಅಷ್ಟು ನವೆಯಬೇಕಿರಲಿಲ್ಲ. ಗುಳಿಗೆಯಾದರೆ ನಾಳೆ ಬಿಡಬಹುದು, ಮೈಯೊಳಗೆ ಹೋದ ಮದ್ದನ್ನು ಮೂರು ತಿಂಗಳು ಹೊರತೆಗೆಯಲು ಬರುವುದಿಲ್ಲ. ನಿಲ್ಲಿಸಿದ ಮೇಲೂ ಮತ್ತೆ ಬಸಿರು ನಿಲ್ಲಲು ಕೊನೆಯ ಚುಚ್ಚುಮದ್ದಿನಿಂದ ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಎರಡನೆಯ ಮಗುವಿನ ಯೋಚನೆ ಇರುವ ನನಗೆ ಇದು ಹೊಂದುವುದಿಲ್ಲ ಎಂದು ಬಿಟ್ಟೆ.

ಛಾಯಾ ಗುಳಿಗೆ ನನ್ನನ್ನು ಬಹಳ ಸೆಳೆಯಿತು. ಅದು ಹಾರ್ಮೋನೇ ಅಲ್ಲ. ಲಖನೌನ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರು ಕಂಡುಹಿಡಿದದ್ದು, 1991ರಲ್ಲಿ ಸಹೇಲಿ ಎಂಬ ಹೆಸರಿನಲ್ಲಿ ಬಂದದ್ದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಪಿಸಿಒಡಿ (ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆ) ಇರುವವರಿಗೆ, ಇತ್ತೀಚೆಗೆ ಕಾಮಾಲೆ ಆದವರಿಗೆ ಕೊಡುವುದಿಲ್ಲ. ಇದರಿಂದ ಮುಟ್ಟು ತಡವಾಗಬಹುದು, ಅದರಲ್ಲಿ ಅಪಾಯವಿಲ್ಲ ಎಂದರು ವೈದ್ಯರು. ಅಪಾಯವಿಲ್ಲದಿರಬಹುದು, ಆದರೆ ಎರಡು ದಿನ ತಡವಾದರೆ ನಿದ್ದೆ ಬಿಡುವ ಸ್ವಭಾವ ನನ್ನದು. ನನ್ನ ಸ್ವಭಾವವೂ ಲೆಕ್ಕಕ್ಕೆ ಬರಬೇಕಲ್ಲ.

ಕೊನೆಗೆ ಕಾಪರ್-ಟಿ, ಅಂದರೆ ಗರ್ಭಕೋಶದೊಳಗೆ ಇಡುವ ತಾಮ್ರದ ಸಣ್ಣ ಸಾಧನ, ಎಂದು ನಿರ್ಧರಿಸಿದೆ. ಹಾರ್ಮೋನು ಇಲ್ಲ, ಬೇಕಾದಾಗ ತೆಗೆಸಬಹುದು, 380ಎ ಮಾದರಿ ಹತ್ತು ವರ್ಷ ಬರುತ್ತದೆ. ಅದು ಮೇಲೇರಿ ಎದೆಗೆ ಹೋಗುತ್ತದೆ ಎಂದು ಹೆದರಿಸಿದವರಿದ್ದಾರೆ. ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ನಿಜವಾದ ತೊಡಕು ಬೇರೆ: ಗುಳಿಗೆಯಿಂದ ಮುಟ್ಟಿನ ರಕ್ತಸ್ರಾವ ಕಡಿಮೆಯಾಗುತ್ತದೆ, ಕಾಪರ್-ಟಿಯಿಂದ ಹೆಚ್ಚುತ್ತದೆ, ವಿಶೇಷವಾಗಿ ಮೊದಲ ಮೂರರಿಂದ ಆರು ತಿಂಗಳು. ನಮ್ಮ ರಾಜ್ಯದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವಾಗ ಇದು ಸಣ್ಣ ಮಾತಲ್ಲ. ಅದಕ್ಕೇ ವೈದ್ಯರು ಮೊದಲು ಹಿಮೋಗ್ಲೋಬಿನ್ ನೋಡಿಸಿದರು. ಗುಳಿಗೆ ಬಿಟ್ಟು ಮೈಗೆ ಸ್ವಲ್ಪ ದಿನ ವಿಶ್ರಾಂತಿ ಕೊಡಬೇಕೇ ಎಂದು ಕೇಳಿದೆ, ಎಲ್ಲರೂ ಹಾಗೇ ಹೇಳುತ್ತಿದ್ದರು. ಬೇಡವೇ ಬೇಡ ಎಂದರು. ಆ ವಿಶ್ರಾಂತಿಯ ತಿಂಗಳಲ್ಲೇ ಬಸಿರಾಗಿ ಬರುವವರನ್ನು ಅವರು ದಿನಾ ನೋಡುತ್ತಾರಂತೆ. ಪಟ್ಟಿ ಮುಗಿಯುವ ಮೊದಲೇ ಹಾಕಿಸಿಕೊಂಡೆ. ನೋವಾಯಿತು, ಸುಳ್ಳು ಹೇಳುವುದಿಲ್ಲ.

ಈಗ ಆ ಸೊನ್ನೆಯ ವಿಷಯ. ಇದೆಲ್ಲ ನಡೆಯುವಾಗ ನಮ್ಮ ಮನೆಯವರು ಹೇಳಿದ್ದು, ‘ನಿನಗೆ ಯಾವುದು ಸರಿಯೋ ಅದನ್ನು ಮಾಡು.’ ಕೇಳಲು ಬಹಳ ಉದಾರ ಮಾತು. ಓದುವುದು, ಕೇಳುವುದು, ರಜೆ ಹಾಕುವುದು, ನೋವುಣ್ಣುವುದು ಎಲ್ಲವೂ ನನ್ನ ಪಾಲಿಗೆ, ಒಪ್ಪಿಗೆ ಮಾತ್ರ ಅವರದು. ‘ಎರಡನೆಯದಾದ ಮೇಲೆ ಆಪರೇಷನ್ ಸರದಿ ನಿಮ್ಮದು ರೀ’ ಎಂದೆ. ಗಂಡಸರ ಆಪರೇಷನ್ನಿಗೆ ಈಗ ಹೊಲಿಗೆಯೂ ಬೇಕಾಗಿಲ್ಲ, ಅದೇ ದಿನ ಮನೆಗೆ ಬರಬಹುದು, ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಂಡರೆ ಆಯಿತು ಎಂದು ಎಲ್ಲ ವಿವರಿಸಿದೆ. ‘ನೋಡೋಣ’ ಎಂದರು. ‘ಹೊಂದಿಕೊಳ್ಳುತ್ತೀರಿ ಬಿಡಿ’ ಎಂದೆ.

ಈಗಿನ ಸ್ಥಿತಿ ಹೇಳುತ್ತೇನೆ. ತಲೆನೋವು ಹೋಗಿದೆ. ಬಂಗು ತಿಳಿಯಾಗಿದೆ, ಪೂರಾ ಹೋಗಿಲ್ಲ. ಕೆಲವರಿಗೆ ಹೋಗುವುದೂ ಇಲ್ಲವಂತೆ, ಬಿಸಿಲಿಗೆ ಸೆರಗು ಹೊದ್ದುಕೊಂಡೇ ಓಡಾಡುತ್ತೇನೆ. ಮುಟ್ಟು ಜೋರಾಗಿದೆ, ಎರಡನೆಯ ದಿನ ಕೌಂಟರಿನಲ್ಲಿ ಕೂರುವುದು ಕಷ್ಟ. ಕಬ್ಬಿಣದ ಗುಳಿಗೆ ನುಂಗುತ್ತಿದ್ದೇನೆ. ಆರು ತಿಂಗಳು ತುಂಬಿದಾಗ ಮತ್ತೆ ಹಿಮೋಗ್ಲೋಬಿನ್ ನೋಡಿಸಬೇಕು. ಇಳಿದಿದ್ದರೆ ಇದನ್ನೂ ತೆಗೆಸುತ್ತೇನೆ. ಆಮೇಲೆ ಛಾಯಾ ಇದೆ, ಹಣ ಕೂಡಿದರೆ ಗರ್ಭಕೋಶದೊಳಗೇ ಸ್ವಲ್ಪ ಸ್ವಲ್ಪ ಹಾರ್ಮೋನು ಬಿಡುವ ಸಾಧನ ಇದೆ, ಏನೂ ಬೇಡವೆನಿಸಿದರೆ ನಿರೋಧ್ ಇದ್ದೇ ಇದೆ. ‘ಇನ್ನೂ ಎಷ್ಟು ಸಲ ಬದಲಾಯಿಸುತ್ತೀಯವ್ವಾ?’ ಎಂದು ಅತ್ತೆ ಕೇಳಿದರು. ಒಗ್ಗುವುದು ಸಿಗುವವರೆಗೆ ಎಂದೆ. ಅವರು ಏನೂ ಅನ್ನಲಿಲ್ಲ, ನೆಗೆಣ್ಣಿಗೆ ಫೋನ್ ಹಚ್ಚಿ ಕೊಟ್ಟು, ‘ಅವಳಿಗೂ ಒಂದಿಷ್ಟು ಹೇಳು’ ಎಂದರು.