ಬೇಸಿಗೆಯ ವಿಜ್ಞಾನ ಶಿಬಿರ: ಮಗು ಅಲ್ಲಿ ಏನನ್ನು ಅಳೆಯುತ್ತದೆ?

ಮಗಳ ಒಂಬತ್ತನೆಯ ತರಗತಿಯ ಪರೀಕ್ಷೆ ಮುಗಿಯುತ್ತಿದ್ದಂತೆ, ಯಾವ ವಿಜ್ಞಾನ ಶಿಬಿರಕ್ಕೆ ಸೇರಿಸುತ್ತೀರಿ ಎಂದು ಪರಿಚಯದ ಪೋಷಕರೆಲ್ಲ ಕೇಳತೊಡಗಿದರು. ಶುಲ್ಕ, ಹೆಸರು, ಪ್ರಮಾಣಪತ್ರ ಇವೆಲ್ಲಕ್ಕಿಂತ ಮೊದಲು, ಅಲ್ಲಿ ಮಗು ತನ್ನ ಕೈಯಾರೆ ಏನನ್ನು ಅಳೆಯುತ್ತದೆ, ಅಳತೆ ತಪ್ಪಿದರೆ ಮತ್ತೆ ಮಾಡಲು ಬಿಡುತ್ತಾರೆಯೇ ಎಂದು ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ.

ಕಳೆದ ಬೇಸಿಗೆಯಲ್ಲಿ ಸಾಕಷ್ಟು ಹಣ ಕಟ್ಟಿ ಅವಳನ್ನು ಒಂದು ಖಾಸಗಿ ರೋಬಾಟಿಕ್ಸ್ ಶಿಬಿರಕ್ಕೆ ಕಳುಹಿಸಿದ್ದೆವು. ಕಿಟ್‌ನ ಭಾಗಗಳನ್ನು ಹೇಳಿದ ಕ್ರಮದಲ್ಲಿ ಜೋಡಿಸಿ, ಕೊನೆಯ ದಿನ ಫೋಟೊ ತೆಗೆಸಿಕೊಂಡು ಬಂದಳು. ಆ ಪುಟ್ಟ ಗಾಡಿ ಗೋಡೆಯ ಹತ್ತಿರ ಹೋದಾಗ ತಾನಾಗಿಯೇ ಏಕೆ ತಿರುಗುತ್ತದೆ ಎಂದು ಅವಳಜ್ಜಿ ಕೇಳಿದಾಗ ಉತ್ತರ ಹೊಳೆಯದೆ ಮುಖ ಸಣ್ಣದು ಮಾಡಿಕೊಂಡಳು. ಆ ಪ್ರಶ್ನೆ ಕೇಳಲು ಅಲ್ಲಿ ಪುರುಸೊತ್ತೇ ಇರಲಿಲ್ಲವಂತೆ.

ಇಸ್ರೊ 2019ರಲ್ಲಿ ಆರಂಭಿಸಿದ ‘ಯುವಿಕಾ’ (ಯುವ ವಿಜ್ಞಾನಿ) ಕಾರ್ಯಕ್ರಮ ಒಂಬತ್ತನೆಯ ತರಗತಿಯವರಿಗೆ ಮಾತ್ರ ಇರುವುದರಿಂದ ಅದು ಒಂದೇ ಸಲ ಸಿಗುವ ಅವಕಾಶ. ಮೇ ತಿಂಗಳಲ್ಲಿ ಸುಮಾರು ಎರಡು ವಾರ ಇಸ್ರೊ ಕೇಂದ್ರದಲ್ಲಿಯೇ ಕಲಿಕೆ; ಪ್ರಯಾಣ, ಊಟ, ವಸತಿಯ ವೆಚ್ಚವನ್ನೂ ಇಸ್ರೊ ಭರಿಸುತ್ತದೆ. ಎಂಟನೆಯ ತರಗತಿಯ ಅಂಕ, ಆನ್‌ಲೈನ್ ರಸಪ್ರಶ್ನೆ, ವಿಜ್ಞಾನ ಮೇಳ, ಕ್ರೀಡೆ ಇವುಗಳ ಜೊತೆಗೆ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲಿ ಓದುವುದಕ್ಕೂ ಆಯ್ಕೆಯಲ್ಲಿ ತೂಕವಿದೆ. ಆದರೆ ಶಾಲೆಗಳು ವಾರ್ಷಿಕ ಪರೀಕ್ಷೆಯ ತಯಾರಿಯಲ್ಲಿ ಮುಳುಗಿರುವ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಅರ್ಜಿ ಕರೆಯುತ್ತಾರೆ. ನಮಗೆ ತಿಳಿಯುವಷ್ಟರಲ್ಲಿ ಗಡುವು ಮುಗಿದಿತ್ತು. ಹಳ್ಳಿಯ ಪ್ರೌಢಶಾಲೆಯ ಶಿಕ್ಷಕರು ದಯವಿಟ್ಟು ಈ ಸುದ್ದಿಯನ್ನು ತರಗತಿಯಲ್ಲಿ ಓದಿ ಹೇಳಬೇಕು. ಎಸ್ಸೆಸ್ಸೆಲ್ಸಿ ಟ್ಯೂಷನ್ ತಪ್ಪುತ್ತದೆಂದು ಇದನ್ನು ಬಿಡಿಸುವ ತಂದೆತಾಯಿಯರ ಆತಂಕ ನನಗೆ ಅರ್ಥವಾಗುತ್ತದೆ, ಆದರೂ ಒಪ್ಪಲಾರೆ.

ಬೆಂಗಳೂರಿನಲ್ಲಿರುವವರಿಗೆ ಜವಾಹರಲಾಲ್ ನೆಹರು ತಾರಾಲಯ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಂತಹ ಕಡೆ ನಡೆಯುವ ಬೇಸಿಗೆ ಕಾರ್ಯಾಗಾರಗಳಿವೆ. ದೊಡ್ಡ ಜಾಹೀರಾತಿಲ್ಲದ ಕಾರಣಕ್ಕೆ ಅವುಗಳನ್ನು ಕಡೆಗಣಿಸಬಾರದು. ನಾವು ತಾರಾಲಯವನ್ನು ಆರಿಸಿಕೊಂಡೆವು.

ಕಾರ್ಯಾಗಾರಕ್ಕೆ ಇನ್ನೂ ದಿನಗಳಿದ್ದಾಗ, ಏಪ್ರಿಲ್ ಎರಡನೆಯ ವಾರದಲ್ಲಿ, ತಾರಸಿಯ ಮೇಲೆ ಒಂದು ಕೋಲನ್ನು ನೇರವಾಗಿ ನಿಲ್ಲಿಸಿ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಸೀಮೆಸುಣ್ಣದಿಂದ ಗುರುತು ಮಾಡು ಎಂದೆ. ಗಡಿಯಾರದಲ್ಲಿ ಹನ್ನೆರಡಾದ ಮೇಲೂ ನೆರಳು ಕುಗ್ಗುತ್ತಲೇ ಇತ್ತು. ಹನ್ನೆರಡೂ ಇಪ್ಪತ್ತರ ಸುಮಾರಿಗೆ ಅತಿ ಗಿಡ್ಡವಾಗಿ, ಆಮೇಲೆ ಬೆಳೆಯತೊಡಗಿತು. ‘ಅಪ್ಪಾ, ಕೋಲು ವಾಲಿದೆಯಾ?’ ಎಂದು ತೂಕದ ಗುಂಡು ಇಳಿಬಿಟ್ಟು ನೋಡಿದಳು, ಮರುದಿನ ಮತ್ತೆ ಅಳೆದಳು. ಭಾರತದ ಗಡಿಯಾರ ತೋರಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ, ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ, ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿ ಸೂರ್ಯನ ನಡುಹಗಲು ಸುಮಾರು ಇಪ್ಪತ್ತು ನಿಮಿಷ ತಡ ಎಂಬ ಲೆಕ್ಕವನ್ನು ಸಂಜೆ ಅಟ್ಲಾಸ್ ತೆರೆದು ಅವಳೇ ಮಾಡಿದಳು. ಅಂದಿನ ಸೀಮೆಸುಣ್ಣದ ಗುರುತುಗಳನ್ನು ಒರೆಸಲು ಅವಳು ಇನ್ನೂ ಬಿಟ್ಟಿಲ್ಲ.