ಸ್ಕ್ರಮ್ ಮಾಸ್ಟರ್ ಯಾರ ಕಡೆಯವರು?

ಸಾಫ್ಟ್‌ವೇರ್ ಟೀಮಿಗೆ ಸ್ಕ್ರಮ್ ಮಾಸ್ಟರ್ (ಸ್ಕ್ರಮ್ ಅನ್ನುವ ಕೆಲಸದ ಪದ್ಧತಿ ಸರಿಯಾಗಿ ನಡೆಯುವಂತೆ ನೋಡಿಕೊಂಡು, ಟೀಮಿನ ತೊಡಕು ಬಿಡಿಸುವವರು) ಬೇಕಾ ಬೇಡವಾ ಅಂತ ಚರ್ಚೆ ಎದ್ದಾಗಲೆಲ್ಲ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಅವರ ಅಪ್ರೈಸಲ್, ಅಂದರೆ ಕೆಲಸದ ಮೌಲ್ಯಮಾಪನ, ಬರೆಯುವವರು ಯಾರು?

ಕರ್ನಾಟಕದಲ್ಲಿ ಕೆಲಸ ಮಾಡುತ್ತಿದ್ದಾಗ ನಮ್ಮ ಸ್ಕ್ರಮ್ ಮಾಸ್ಟರ್ ಅವರ ಅಪ್ರೈಸಲ್ ಬರೆಯುತ್ತಿದ್ದದ್ದು ಮ್ಯಾನೇಜರ್. ಕ್ಲೈಂಟಿಗೆ ತಾರೀಖು ಕೊಟ್ಟು ಬಂದವರೂ ಅವರೇ. ಹಾಗಾಗಿ ಸ್ಟ್ಯಾಂಡಪ್ (ಟೀಮಿನ ದಿನದ 15 ನಿಮಿಷದ ಮೀಟಿಂಗ್) ಅಂದರೆ ದಿನಾ ಹಾಜರಿ. ಜಿರಾ (ಯಾರ ಕೆಲಸ ಎಲ್ಲಿಗೆ ಬಂತು ಅಂತ ತೋರಿಸುವ ಸಾಫ್ಟ್‌ವೇರ್) ತೆರೆದು ಒಬ್ಬೊಬ್ಬರ ಹೆಸರು ಕೂಗುವುದು, ನಿನ್ನೆ ಏನು ಮಾಡಿದಿರಿ, ಇವತ್ತೇನು, ಏನಾದರೂ ತೊಡಕಿದೆಯಾ ಅಂತ ಕೇಳುವುದು. ಕೊನೆಯದಕ್ಕೆ ಎಲ್ಲರ ಉತ್ತರವೂ "ಏನಿಲ್ಲ". ಮ್ಯಾನೇಜರ್ ಕಾಲ್‌ನಲ್ಲೇ ಇರುವಾಗ ಇನ್ನೇನು ಹೇಳುತ್ತಾರೆ? ತಮಾಷೆ ಅಂದರೆ, ಆ ಮೂರು ಪ್ರಶ್ನೆಗಳನ್ನು ಸ್ಕ್ರಮ್‌ನ ಅಧಿಕೃತ ಕೈಪಿಡಿ ಸ್ಕ್ರಮ್ ಗೈಡ್ 2020ರಲ್ಲೇ ಕೈಬಿಟ್ಟಿದೆ. ಆ 15 ನಿಮಿಷ ಡೆವಲಪರ್‌ಗಳದ್ದು. ಅದನ್ನು ಸ್ಕ್ರಮ್ ಮಾಸ್ಟರೇ ನಡೆಸಬೇಕು ಅಂತ ಗೈಡಿನಲ್ಲಿಲ್ಲ.

ಈಗ ನಾನಿರುವ ದೇಶದ ಟೀಮಿನಲ್ಲಿ ಸ್ಕ್ರಮ್ ಮಾಸ್ಟರ್ ಸ್ಟ್ಯಾಂಡಪ್‌ಗೆ ಎಷ್ಟೋ ದಿನ ಬರುವುದೇ ಇಲ್ಲ. ನಾವು ನಾವೇ ಮಾತಾಡಿ ಮುಗಿಸುತ್ತೇವೆ. ಅವರ ಕೆಲಸ ಬೇರೆ ಕಡೆ ನಡೆಯುತ್ತಿರುತ್ತದೆ. ಟೆಸ್ಟ್ ಸರ್ವರ್ ಬೇರೆ ವಿಭಾಗದ ಕೈಯಲ್ಲಿದೆ, ಟಿಕೆಟ್ ಹಾಕಿದರೆ ಅಲ್ಲೇ ಕೊಳೆಯುತ್ತದೆ. ಅಂಥ ಕಡೆ ಹೋಗಿ ಕೂತು ಕೆಲಸ ಮಾಡಿಸಿಕೊಂಡು ಬರುತ್ತಾರೆ. ಸ್ಪ್ರಿಂಟ್ (ಇಷ್ಟು ಕೆಲಸ ಅಂತ ಮೊದಲೇ ಗೊತ್ತುಮಾಡಿಕೊಂಡ ಕೆಲವು ವಾರಗಳ ಅವಧಿ) ಮಧ್ಯೆ ಮ್ಯಾನೇಜರ್ "ಇದೊಂದು ಸೇರಿಸಿಬಿಡಿ" ಅಂದರೆ, "ಸರಿ, ಯಾವುದನ್ನು ತೆಗೆಯೋಣ?" ಅಂತ ಮುಖಕ್ಕೇ ಕೇಳುತ್ತಾರೆ. ಇಲ್ಲಿನವರಿಗೆ ಧೈರ್ಯ ಜಾಸ್ತಿ ಅಂತಲ್ಲ. ಅವರ ಬಡ್ತಿ ಆ ಮ್ಯಾನೇಜರ್ ಕೈಯಲ್ಲಿಲ್ಲ, ಅಷ್ಟೇ. ನಮ್ಮ ಹಳೆಯ ಸ್ಕ್ರಮ್ ಮಾಸ್ಟರ್ ಇಲ್ಲಿದ್ದಿದ್ದರೆ ಅವರೂ ಹಾಗೇ ಕೇಳುತ್ತಿದ್ದರು.

ಹಾಗಂತ ಇಲ್ಲಿ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ. ಅಜೈಲ್ ಕೋಚ್ (ಸ್ಕ್ರಮ್‌ನಂಥ ಅಜೈಲ್ ಪದ್ಧತಿಗಳನ್ನು ಟೀಮುಗಳಿಗೆ ಕಲಿಸುವವರು) ಒಬ್ಬರು ಬಂದು ಟೀಮುಗಳ ವೆಲಾಸಿಟಿಯನ್ನು, ಅಂದರೆ ಒಂದು ಸ್ಪ್ರಿಂಟ್‌ನಲ್ಲಿ ಮುಗಿಸಿದ ಸ್ಟೋರಿ ಪಾಯಿಂಟ್‌ಗಳ ಮೊತ್ತವನ್ನು, ಪಕ್ಕಪಕ್ಕ ಇಟ್ಟು ಚಾರ್ಟ್ ಮಾಡಿದರು. ಸ್ಟೋರಿ ಪಾಯಿಂಟ್ ಅಂದರೆ ಕೆಲಸ ಎಷ್ಟು ದೊಡ್ಡದು ಅಂತ ಒಂದು ಟೀಮಿನ ಒಳಗಿನ ಅಂದಾಜು, ಇನ್ನೊಂದು ಟೀಮಿಗೆ ಹೋಲಿಸಲು ಬರುವುದಿಲ್ಲ. ಆಮೇಲೆ ಆಗಿದ್ದು ನೀವೇ ಊಹಿಸಬಹುದು. 3 ಪಾಯಿಂಟಿನ ಕೆಲಸ 5 ಆಯಿತು, 5 ಇದ್ದದ್ದು 8 ಆಯಿತು. ಚಾರ್ಟ್ ಏರಿತು, ಕೆಲಸ ಇದ್ದಷ್ಟೇ.

ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕ್ 2023ರ ಜನವರಿಯಲ್ಲಿ ಇಂಥ 1,100ಕ್ಕೂ ಹೆಚ್ಚು ಅಜೈಲ್ ಹುದ್ದೆಗಳನ್ನು ತೆಗೆದು, ಆ ಕೆಲಸವನ್ನು ಎಂಜಿನಿಯರ್‌ಗಳಿಗೂ ಪ್ರಾಡಕ್ಟ್ ಮ್ಯಾನೇಜರ್‌ಗಳಿಗೂ ಸೇರಿಸಿತು. ಮೀಟಿಂಗ್ ನಡೆಸುವುದಷ್ಟೇ ಆದರೆ ಸರದಿ ಪ್ರಕಾರ ಯಾರು ಬೇಕಾದರೂ ಮಾಡಬಹುದು, ನನ್ನ ತಕರಾರಿಲ್ಲ. ಆದರೆ ಮ್ಯಾನೇಜರ್‌ಗೆ "ಈ ಸ್ಪ್ರಿಂಟ್‌ನಲ್ಲಿ ಆಗಲ್ಲ" ಅನ್ನುವ ಕೆಲಸವನ್ನು ಸರದಿಗೆ ಹಾಕಿದರೆ, ಹೊಸದಾಗಿ ಸೇರಿದ ಹುಡುಗ ತನ್ನ ದಿನ ಬಂದಾಗ ಅದನ್ನು ಹೇಳುತ್ತಾನಾ?

ಎರಡು ದಿನದ ಕೋರ್ಸ್ ಮಾಡಿ ಸರ್ಟಿಫಿಕೇಟ್ ಹಿಡಿದು ಸ್ಕ್ರಮ್ ಮಾಸ್ಟರ್ ಕೆಲಸಕ್ಕೆ ಇಂಟರ್‌ವ್ಯೂ ಕೊಡಲು ಹೊರಟ ಗೆಳೆಯರು ಸಲಹೆ ಕೇಳುತ್ತಿರುತ್ತಾರೆ. ಸಂಬಳದ ಮಾತಿಗೆ ಮುಂಚೆ ಎರಡು ವಿಷಯ ಕೇಳಿ ಅನ್ನುತ್ತೇನೆ: ನಾನು ಯಾರಿಗೆ ರಿಪೋರ್ಟ್ ಮಾಡಬೇಕು, ಮತ್ತು ಮ್ಯಾನೇಜರ್ ಕೇಳಿದ್ದನ್ನು ಮುಂದಿನ ಸ್ಪ್ರಿಂಟ್‌ಗೆ ತಳ್ಳಿದ್ದು ಈ ಟೀಮಿನಲ್ಲಿ ಕೊನೆಯ ಸಲ ಯಾವಾಗ?